ಬಿತ್ತನೆಯದೋ, ಮಣ್ಣಿನದೋ

2016ರ ಬೇಸಿಗೆಯ ಒಂದು ಮಧ್ಯಾಹ್ನ ನಾನು ತಾತನ ಜೊತೆ ಮದ್ದೂರು ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಮಂಡ್ಯದ ಆಸ್ಪತ್ರೆಯೊಂದರಲ್ಲಿ ಬಯಾಪ್ಸಿ ವರದಿ ಪಡೆದು, ಮಳವಳ್ಳಿ ತಾಲ್ಲೂಕಿನ ನಮ್ಮೂರಿಗೆ ವಾಪಸಾಗುತ್ತಿದ್ದೆವು. ಕೆ.ಎಂ. ದೊಡ್ಡಿ ಕಡೆಯ ಬಸ್ಸು ಇನ್ನೂ ಬಂದಿರಲಿಲ್ಲ. ನೇರ ಕೂತರೆ ಸೊಂಟ ನೋಯುತ್ತದೆಂದು ತಾತ ಒಂದು ಮಗ್ಗುಲಿಗೆ ವಾಲಿಕೊಂಡಿದ್ದ.

"ಏನ್ ಬರ್ದವ್ರೆ, ಓದ್ಲಾ" ಅಂದ.

ನಾನಾಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಇಂಗ್ಲಿಷಿನಲ್ಲಿದ್ದ ಆ ಎರಡು ಹಾಳೆಗಳಲ್ಲಿ ನನಗೆ ಅರ್ಥವಾದ ಮುಖ್ಯ ಪದ 'ಕಾರ್ಸಿನೋಮಾ'. ಅದನ್ನು ತಾತನ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಪದವಿತ್ತು, 'ಸ್ಟ್ರೋಮಾ'. ಅದು ಏನೆಂದು ಗೊತ್ತಿರಲಿಲ್ಲ. ಅದಕ್ಕೇ ಇರಬೇಕು, ಅದನ್ನೇ ಹಿಡಿದುಕೊಂಡೆ. "ಗಡ್ಡೆ ಸುತ್ತಲ ಮಾಂಸದೊಳಕ್ಕೂ ಹೋಗೈತಂತೆ ತಾತ" ಅಂದೆ.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಂಗಾರೆ ದೋಸ ಬಿತ್ತನೆದೋ, ಮಣ್ಣಿಂದೋ?"

ಆ ದಿನ ಬೆಳಿಗ್ಗೆ ವೈದ್ಯರು ತಾತನ ಸೊಂಟದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದ್ದರು. ಎಲುಬಿನ ಮೇಲೆ ಅಲ್ಲಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಮಚ್ಚೆಗಳಿದ್ದವು. ತಾತನಿಗೆ ಅವು ಚೌಳು ಭೂಮಿಯಂತೆ ಕಂಡಿದ್ದವು. ನಾಲೆಯ ನೀರು ಬಸಿದು ಹೋಗದೆ ನಿಂತು, ಒಳಗಿನ ಉಪ್ಪು ಮೇಲೆದ್ದು, ಗದ್ದೆಯಲ್ಲಿ ಬೆಳ್ಳಗೆ ಪೊರೆ ಕಟ್ಟುವುದನ್ನು ನಮ್ಮ ಕಡೆ ನೋಡದವರಿಲ್ಲ. ನಾನು ಹುಟ್ಟುವ ಮುಂಚೆ ನಮ್ಮ ತಗ್ಗಿನ ಗದ್ದೆ ಹೀಗಾಗಿತ್ತಂತೆ. ಪೈರು ಹಳದಿಗಟ್ಟಿದಾಗ ತಾತ ಬಿತ್ತನೆ ಕೆಟ್ಟಿದೆಯೆಂದು ಬಗೆದು ಜಯ ಬಿಟ್ಟು ಐ.ಆರ್. 64 ತಂದ, ಆಮೇಲೆ ಮತ್ತೊಂದು ತಳಿ ತಂದ. ಮೂರು ವರ್ಷ ಕೈಸುಟ್ಟುಕೊಂಡ ಮೇಲೆ ಕೃಷಿ ಅಧಿಕಾರಿಯೊಬ್ಬರು ಬಂದು, ಕೆಟ್ಟಿರುವುದು ಮಣ್ಣು ಎಂದರಂತೆ. ಆ ಮೂರು ವರ್ಷದ ಸಾಲ ತೀರಿಸಿದವನು ಕೇಳಿದ ಪ್ರಶ್ನೆ ಅದು.

ಈಗ ನಾನು ವೈದ್ಯವಿಜ್ಞಾನದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ತಾತ ಬಸ್ ನಿಲ್ದಾಣದಲ್ಲಿ ಕೇಳಿದ್ದ ಪ್ರಶ್ನೆಯನ್ನು ವೈದ್ಯಲೋಕ ಒಂದೂವರೆ ಶತಮಾನದಿಂದ ಕೇಳಿಕೊಂಡು, ಮರೆತು, ಮತ್ತೆ ಕೇಳಿಕೊಂಡು ಬಂದಿದೆ ಎಂಬುದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಆ ಪದ. ಸ್ಟ್ರೋಮಾ ಎಂದರೆ ಗ್ರೀಕಿನಲ್ಲಿ ಹಾಸಿದ್ದು, ಹಾಸಿಗೆ. ಯಾವುದೇ ಅಂಗದಲ್ಲಿ ಆ ಅಂಗದ ಮುಖ್ಯ ಕೆಲಸ ಮಾಡುವ ಕೋಶಗಳು ಇರುತ್ತವೆ, ಅವುಗಳನ್ನು ಹೊತ್ತು ಕೂತ ಹಾಸೂ ಇರುತ್ತದೆ. ಪ್ರಾಸ್ಟೇಟ್ ಗಂಡಸರ ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಕೂತ ಗ್ರಂಥಿ. ದಪ್ಪ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಒಸರುವ ಕೋಶಗಳು ಅದರೊಳಗಿನ ಸಣ್ಣ ಕೊಳವೆಗಳ ಒಳಗೋಡೆಯಲ್ಲಿ ಸಾಲಾಗಿ ನಿಂತಿರುತ್ತವೆ. ಕ್ಯಾನ್ಸರ್ ಸಾಮಾನ್ಯವಾಗಿ ಶುರುವಾಗುವುದು ಈ ಸಾಲಿನಲ್ಲಿ. ಆ ಕೊಳವೆಗಳ ಸುತ್ತಲೂ ಇರುವುದು ಹಾಸು. ಅದರಲ್ಲಿ ನಾರು ಹೆಣೆಯುವ ಫೈಬ್ರೋಬ್ಲಾಸ್ಟ್ ಕೋಶಗಳು, ನುಣುಪು ಸ್ನಾಯು, ರಕ್ತನಾಳ, ನರ, ಕಾವಲು ಕಾಯುವ ಬಿಳಿ ರಕ್ತಕಣ ಎಲ್ಲ ಇರುತ್ತವೆ. ಹಾಸಿನ ಕೋಶಗಳು ಕ್ಯಾನ್ಸರ್ ಕೋಶಗಳಲ್ಲ. ಆದರೂ ಕ್ಯಾನ್ಸರಿನ ಕಥೆಯಲ್ಲಿ ಅವು ಬರಿಯ ಪ್ರೇಕ್ಷಕರಲ್ಲ.

ಕ್ಯಾನ್ಸರ್ ಎಂಬ ಹೆಸರೇ ಸುತ್ತಲಿನದನ್ನು ನೋಡಿ ಇಟ್ಟದ್ದು. ಸ್ತನದ ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳ ಹಾಗೆ ಕಾಣುತ್ತವೆ ಎಂದು ಎರಡನೆಯ ಶತಮಾನದ ಗ್ಯಾಲೆನ್ ವಿವರಿಸಿದ. ಕನ್ನಡದ ವೈದ್ಯ ಬರಹಗಾರರು ಅದನ್ನು 'ಏಡಿಗಂತಿ' ಎಂದು ಕರೆದರು. ಗದ್ದೆಯ ಬದುವಿನಲ್ಲಿ ಬಿಲ ತೋಡುವ ಏಡಿಯನ್ನು ಕಂಡ ನಮ್ಮವರಿಗೆ ಈ ಹೆಸರು ಬೇಗ ಹಿಡಿಸುತ್ತದೆ. ಏಡಿ ಎಷ್ಟು ದಿಟವೋ ಅದು ತೋಡುವ ಬದುವೂ ಅಷ್ಟೇ ದಿಟ.

ಹತ್ತೊಂಬತ್ತನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕ ಬಂದಾಗ ಜಗಳ ಶುರುವಾಯಿತು. ಜರ್ಮನಿಯ ದೊಡ್ಡ ರೋಗವಿಜ್ಞಾನಿ ರುಡಾಲ್ಫ್ ಫಿರ್ಖೋ, ಕ್ಯಾನ್ಸರ್ ಹುಟ್ಟುವುದೇ ಹಾಸಿನ ಸಂಯೋಜಕ ಅಂಗಾಂಶದಲ್ಲಿ ಎಂದು ನಂಬಿದ್ದ. ಕಾರ್ಲ್ ಟೀರ್ಶ್ 1865ರಲ್ಲಿ ಚರ್ಮದ ಕ್ಯಾನ್ಸರನ್ನೂ, ಅವನ ಹಿಂದೆಯೇ ವಿಲ್ಹೆಲ್ಮ್ ವಾಲ್ಡೆಯರ್ ಬೇರೆ ಅಂಗಗಳ ಕ್ಯಾನ್ಸರುಗಳನ್ನೂ ಪರೀಕ್ಷಿಸಿ, ಕಾರ್ಸಿನೋಮಾ ಹುಟ್ಟುವುದು ಹೊದಿಕೆಯ ಕೋಶಗಳಲ್ಲಿ ಎಂದು ತೋರಿಸಿಕೊಟ್ಟರು. ಅವರು ಹೇಳಿದ್ದು ಸರಿಯಾಗಿತ್ತು. ಆದರೆ ಒಂದು ಸರಿಯಾದ ಮಾತು ಗೆದ್ದಾಗ ಸೋತವನ ಕೈಯಲ್ಲಿದ್ದ ಅರ್ಧ ಸತ್ಯವನ್ನೂ ಜನ ಬಿಸಾಡಿಬಿಡುತ್ತಾರೆ. ಕ್ಯಾನ್ಸರ್ ಹಾಸಿನಲ್ಲಿ ಹುಟ್ಟುವುದಿಲ್ಲ ಎಂಬುದು, ಕ್ಯಾನ್ಸರಿಗೂ ಹಾಸಿಗೂ ಸಂಬಂಧವೇ ಇಲ್ಲ ಎಂಬಂತಾಯಿತು.

ಹಾಗೆ ಬಿಸಾಡಿದ್ದನ್ನು ಮತ್ತೆ ಎತ್ತಿಕೊಂಡವನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್. 1889ರಲ್ಲಿ ಅವನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಸ್ತನ ಕ್ಯಾನ್ಸರಿನಿಂದ ಸತ್ತ 735 ಜನರ ಶವಪರೀಕ್ಷೆಯ ದಾಖಲೆಗಳನ್ನು ಒಟ್ಟುಹಾಕಿ ಲೆಕ್ಕ ಮಾಡಿದ್ದ. 241 ಜನರಲ್ಲಿ ಕ್ಯಾನ್ಸರ್ ಯಕೃತ್ತಿಗೆ ಹರಡಿತ್ತು, ಗುಲ್ಮಕ್ಕೆ ಹರಡಿದ್ದು 17 ಜನರಲ್ಲಿ ಮಾತ್ರ. ಎರಡೂ ಅಂಗಗಳಿಗೆ ರಕ್ತ ಧಾರಾಳವಾಗಿ ಹರಿಯುತ್ತದೆ. ಹರಡುವುದು ಬರಿಯ ರಕ್ತದ ಹರಿವಿನ ಲೆಕ್ಕವಾಗಿದ್ದರೆ ಇಷ್ಟು ಅಂತರ ಬರಬಾರದು. ಗಿಡ ಬೀಜವನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಅದು ಮೊಳೆಯುವುದು ಒಗ್ಗುವ ಮಣ್ಣು ಸಿಕ್ಕಿದ ಕಡೆ ಮಾತ್ರ ಎಂದು ಅವನು ವಾದಿಸಿದ. ಎಲ್ಲರೂ ಬೀಜವನ್ನೇ ಪರೀಕ್ಷಿಸುತ್ತಿದ್ದಾರೆ, ಮಣ್ಣನ್ನು ನೋಡುವುದೂ ಅಷ್ಟೇ ಉಪಯುಕ್ತ ಎಂಬುದು ಅವನ ಅಹವಾಲು.

ಅಹವಾಲನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್, ಹರಡುವಿಕೆ ಎಂಬುದು ಕೊಳಾಯಿ ಜೋಡಣೆಯಂಥ ಲೆಕ್ಕ, ನಾಳ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ ಕ್ಯಾನ್ಸರ್ ಹೋಗುತ್ತದೆ ಎಂದ. 1940ರಲ್ಲಿ ಆಸ್ಕರ್ ಬ್ಯಾಟ್ಸನ್ ಕಿಬ್ಬೊಟ್ಟೆಯಿಂದ ಬೆನ್ನುಹುರಿಯ ಸುತ್ತ ಏರುವ ಅಭಿಧಮನಿಗಳ ಜಾಲವನ್ನು ತೋರಿಸಿ, ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನೆಲುಬಿಗೂ ಸೊಂಟಕ್ಕೂ ಹೋಗುವ ದಾರಿ ಇದೇ ಎಂದ. ದಾರಿ ಇದ್ದದ್ದು ನಿಜ. ಆದರೆ ನಾಲೆ ಇದ್ದ ಕಡೆಯೆಲ್ಲ ಬೆಳೆ ಬರುತ್ತದೆಯೇ?

ಮಂಡ್ಯದವರಿಗೆ ಇದಕ್ಕೆ ಉತ್ತರ ಗೊತ್ತು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಈ ಸೀಮೆಗೆ ಹರಿದದ್ದು 1930ರ ದಶಕದಲ್ಲಿ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕನಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಉತ್ಸಾಹದಿಂದ ನಿಂತದ್ದರಿಂದ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ರಾಗಿ, ಜೋಳದ ಹೊಲಗಳು ಕಬ್ಬು, ಬತ್ತದ ಗದ್ದೆಗಳಾದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು, ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ಬಿತ್ತನೆಯ ಮಹಿಮೆಯನ್ನು ಈ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಹಾಗೆಯೇ ನೀರು ಹೆಚ್ಚಾದ ತಗ್ಗಿನಲ್ಲಿ ಎಂಥ ಬಿತ್ತನೆಯೂ ಸೋಲುವುದನ್ನು ನೋಡಿದವರೂ ಇವರೇ.

ಈಗ ಪ್ರಾಸ್ಟೇಟಿಗೆ ಬರೋಣ. 1941ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಅವನ ಜೊತೆಗಾರರು, ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಲ್ಲಿ ವೃಷಣಗಳನ್ನು ತೆಗೆದರೆ ಗಡ್ಡೆ ಕುಗ್ಗುತ್ತದೆ, ಎಲುಬಿನ ನೋವು ಇಳಿಯುತ್ತದೆ ಎಂದು ತೋರಿಸಿದರು. ಬೀಜ ಒಡೆಸಿದ ಪ್ರಾಣಿಗಳಲ್ಲಿ ಈ ಗ್ರಂಥಿ ಸೊರಗಿರುತ್ತದೆ ಎಂಬುದನ್ನು ಬ್ರಿಟನ್ನಿನ ಜಾನ್ ಹಂಟರ್ 18ನೆಯ ಶತಮಾನದಲ್ಲೇ ಗಮನಿಸಿದ್ದ. ಗಂಡು ಹಾರ್ಮೋನು ಕಡಿದರೆ ಕ್ಯಾನ್ಸರಿಗೂ ಮೇವು ಕಡಿದಂತೆ ಎಂಬುದನ್ನು ಹಗಿನ್ಸ್ ರಕ್ತಪರೀಕ್ಷೆಯ ಅಳತೆಯೊಂದಿಗೆ ಸಾಬೀತು ಮಾಡಿದ. ಇವತ್ತಿಗೂ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆ ಶುರುವಾಗುವುದು ಇಲ್ಲಿಂದಲೇ. ಶಸ್ತ್ರಕ್ರಿಯೆಯ ಬದಲು ಇಂಜೆಕ್ಷನ್ ಬಂದಿದೆ, ಜೊತೆಗೆ ಅಬಿರಾಟೆರೋನ್, ಎಂಜಾಲುಟಮೈಡಿನಂಥ ಮಾತ್ರೆಗಳು ಬಂದಿವೆ. ತತ್ವ ಮಾತ್ರ ಅದೇ.

ತಾತನಿಗೂ ವೈದ್ಯರು ಇವೆರಡನ್ನೇ ಮುಂದಿಟ್ಟರು. ಮೂರು ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಾ ಹೋಗಬೇಕು, ಇಲ್ಲವೇ ಒಂದೇ ಸಲ ಆಪರೇಷನ್. ಇಂಜೆಕ್ಷನ್ನಿನ ಬೆಲೆ ಕೇಳಿ ಅಪ್ಪ ತಲೆ ತಗ್ಗಿಸಿದ. ಆಪರೇಷನ್ ಎಂದರೆ ಏನೆಂದು ತಾತನಿಗೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದಲ್ಲಿ ಬಿತ್ತುವುದಕ್ಕೂ ಬೀಜವೇ, ಇದಕ್ಕೂ ಬೀಜವೇ. ಯಾವ ಕಡೆಯಿಂದ ಶುರು ಮಾಡಿದರೂ ನಾಲಿಗೆ ಎಡವುತ್ತಿತ್ತು. ಅಜ್ಜಿ ಎದ್ದು ಒಳಗೆ ಹೋದಳು. ನನ್ನ ಮಾತು ಮುಗಿಯುವ ಮುಂಚೆಯೇ ತಾತ ಅಂದ: "ಹೋರಿ ಬೀಜ ಒಡುಸ್ದಾಗ ಅದು ಗೇಯದ್ ಬುಡ್ತಾ? ಆಪ್ರೇಸನ್ನೇ ಮಾಡ್ಸು."

ಆಪರೇಷನ್ ಆಗಿ ವಾರದೊಳಗೆ ತಾತ ಬೆನ್ನ ಮೇಲೆ ಮಲಗಿ ನಿದ್ದೆ ಮಾಡಿದ. ಹಗಿನ್ಸ್ ಬರೆದದ್ದನ್ನು ನಾನು ಓದುವ ಮುಂಚೆಯೇ ಕಣ್ಣಾರೆ ಕಂಡಿದ್ದೆ.

ಹಾಗಾದರೆ ಹಾಸಿನ ಪಾತ್ರ ಎಲ್ಲಿ ಬಂತು? ಇದಕ್ಕೆ ಉತ್ತರದ ಮೊದಲ ಭಾಗ ಸಿಕ್ಕಿದ್ದು ಕ್ಯಾನ್ಸರ್ ಸಂಶೋಧನೆಯಲ್ಲಲ್ಲ, ಭ್ರೂಣಗಳ ಅಧ್ಯಯನದಲ್ಲಿ. 1970ರ ದಶಕದ ಕೊನೆ ಮತ್ತು 80ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜೆರಾಲ್ಡ್ ಕೂನಾ ಇಲಿಮರಿಗಳ ಅಂಗಾಂಶಗಳನ್ನು ಬಿಡಿಸಿ ಅದಲುಬದಲು ಮಾಡಿ ಜೋಡಿಸಿ ನೋಡಿದ. ಪ್ರಾಸ್ಟೇಟ್ ಆಗಬೇಕಾದ ಜಾಗದ ಎಳೆಯ ಹಾಸನ್ನು ತೆಗೆದು ಅದರ ಮೇಲೆ ಮೂತ್ರಕೋಶದ ಕೋಶಗಳನ್ನು ಇಟ್ಟರೆ, ಆ ಕೋಶಗಳು ಪ್ರಾಸ್ಟೇಟ್ ಕೊಳವೆಗಳಾಗಿ ಬೆಳೆದವು. ಇನ್ನೂ ಮುಂದೆ ಹೋಗಿ, ಗಂಡು ಹಾರ್ಮೋನನ್ನು ಗುರುತಿಸಲಾರದ ಒಂದು ಬಗೆಯ ಇಲಿಯನ್ನು ಬಳಸಿದ. ಹಾಸು ಹಾರ್ಮೋನನ್ನು ಗುರುತಿಸಬಲ್ಲದಾಗಿದ್ದರೆ ಸಾಕು, ಮೇಲಿನ ಕೋಶಗಳಿಗೆ ಆ ಶಕ್ತಿ ಇಲ್ಲದಿದ್ದರೂ ಪ್ರಾಸ್ಟೇಟಿನಂಥ ರಚನೆ ಬೆಳೆಯಿತು. ಹಾಸು ಕುರುಡಾಗಿದ್ದರೆ, ಮೇಲಿನ ಕೋಶಗಳು ಎಷ್ಟು ಸರಿಯಿದ್ದರೂ ಬೆಳೆಯಲಿಲ್ಲ. ಭ್ರೂಣದಲ್ಲಿ ಹಾರ್ಮೋನಿನ ಮಾತು ಮೊದಲು ತಲುಪುವುದು ಹಾಸಿಗೆ, ಕಟ್ಟಪ್ಪಣೆ ಕೊಡುವುದು ಹಾಸು. ಕ್ಯಾನ್ಸರ್ ಬಂದ ಮೇಲೆ ಕೆಟ್ಟ ಕೋಶಗಳು ಹಾರ್ಮೋನಿಗೆ ತಾವೇ ನೇರವಾಗಿ ಓಗೊಡಲು ಕಲಿಯುತ್ತವೆ, ಆ ಮಾತು ಬೇರೆ. ಆದರೆ ಈ ಗ್ರಂಥಿಯನ್ನು ಕಟ್ಟಿದ್ದೇ ಅದರ ಮಣ್ಣು ಎಂಬುದು ಕೂನಾನ ಪ್ರಯೋಗದಿಂದ ಗಟ್ಟಿಯಾಯಿತು.

ಇತಿಹಾಸದ ವಿದ್ಯಾರ್ಥಿಗೆ ಖುಷಿ ಕೊಡುವ ಒಂದು ಕಾಕತಾಳೀಯ ಇಲ್ಲಿದೆ. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂದಾಗ ಅದನ್ನು ಹಂಚಿಕೊಂಡವನು ಪೇಟನ್ ರೌಸ್. ಕೋಳಿಗಳಲ್ಲಿ ಗಡ್ಡೆ ತರುವ ವೈರಸ್ಸನ್ನು 1911ರಲ್ಲಿ ಕಂಡವನು ಅವನು. ಬಿತ್ತನೆಯ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ, ಯಾಕೆಂದರೆ ವೈರಸ್ಸಿನಲ್ಲಿದ್ದ ಒಂದೇ ಜೀನು ಕೋಶವನ್ನು ಕೆಡಿಸುತ್ತಿತ್ತು. ಆದರೆ ಅದೇ ವೈರಸ್ಸನ್ನು ಇರಾನ್ ಮೂಲದ ಮೀನಾ ಬಿಸ್ಸೆಲ್, ತಮ್ಮ ಸಹೋದ್ಯೋಗಿಯ ಜೊತೆ ಎಳೆಯ ಕೋಳಿ ಭ್ರೂಣಕ್ಕೆ ಚುಚ್ಚಿ ನೋಡಿದರು. ಗಡ್ಡೆ ಬರಲಿಲ್ಲ. ಅದೇ ಭ್ರೂಣದ ಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಕ್ಯಾನ್ಸರ್ ಕೋಶಗಳ ಗುಣ ಕಾಣಿಸಿಕೊಂಡಿತು. 1984ರಲ್ಲಿ ಇದು ಪ್ರಕಟವಾಯಿತು. ಜೀನು ಕೆಟ್ಟಿದ್ದರೂ ಸುತ್ತಲಿನ ಅಂಗಾಂಶ ಅದನ್ನು ಹಿಡಿದಿಟ್ಟಿತ್ತು. ಬಿಸ್ಸೆಲ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದ ರಾಮ್‌ರಾಯ್ ಭಟ್ ಇವತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕ್ಯಾನ್ಸರ್ ಕೋಶಗಳಿಗೂ ಅವುಗಳ ಸುತ್ತಲಿನ ಜಾಲಕ್ಕೂ ಇರುವ ಸಂಬಂಧವನ್ನೇ ಹುಡುಕುತ್ತಿದ್ದಾರೆ. ನಮ್ಮೂರಿನಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಈ ಪ್ರಶ್ನೆ ಇನ್ನೂ ಜೀವಂತವಾಗಿದೆ ಎಂದು ತಿಳಿದ ದಿನ ನನಗೆ ತಾತನ ನೆನಪಾಯಿತು.

1986ರಲ್ಲಿ ಹೆರಾಲ್ಡ್ ಡ್ವೋರಾಕ್ ಗಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದ. ಕೈಗೆ ಕುಡುಗೋಲು ತಗುಲಿದಾಗ ಫೈಬ್ರೋಬ್ಲಾಸ್ಟುಗಳು ಎಚ್ಚೆತ್ತು ನಾರು ಹೆಣೆದು, ಹೊಸ ರಕ್ತನಾಳ ಕರೆಸಿ, ಗಾಯ ಮುಚ್ಚಿದ ಮೇಲೆ ಸುಮ್ಮನಾಗುತ್ತವೆ. ಗಡ್ಡೆಯ ಸುತ್ತ ಇದೇ ಕೆಲಸ ಶುರುವಾಗುತ್ತದೆ, ನಿಲ್ಲುವುದಿಲ್ಲ. 1991ರಲ್ಲಿ ಹ್ಯೂಸ್ಟನ್ನಿನ ಲೀಲಂಡ್ ಚುಂಗ್ ಅವರ ತಂಡ, ಇಲಿಗಳಲ್ಲಿ ತಾನಾಗಿ ಬೇರೂರಲು ಹೆಣಗುವ ಮನುಷ್ಯರ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಫೈಬ್ರೋಬ್ಲಾಸ್ಟುಗಳ ಜೊತೆ ಸೇರಿಸಿ ಚುಚ್ಚಿದಾಗ ಬೇಗ ಬೆಳೆಯುವುದನ್ನು ತೋರಿಸಿತು.

ನಿರ್ಣಾಯಕ ಪ್ರಯೋಗ ಬಂದದ್ದು 1999ರಲ್ಲಿ. ಆರಿಯಾ ಒಲುಮಿ, ಕೂನಾ, ಥಿಯಾ ಟ್ಲಿಸ್ಟಿ ಮುಂತಾದವರು ಮನುಷ್ಯರ ಪ್ರಾಸ್ಟೇಟಿನಿಂದ ಎರಡು ಬಗೆಯ ಫೈಬ್ರೋಬ್ಲಾಸ್ಟ್ ತೆಗೆದುಕೊಂಡರು. ಒಂದು ಆರೋಗ್ಯವಂತ ಜಾಗದ್ದು, ಇನ್ನೊಂದು ಕ್ಯಾನ್ಸರ್ ಗಡ್ಡೆಯ ನೆರೆಯದು. ಎರಡನ್ನೂ ಅರ್ಧ ದಾರಿ ತಪ್ಪಿದ, ಆದರೆ ತಾವಾಗಿಯೇ ಗಡ್ಡೆ ಮಾಡದ ಪ್ರಾಸ್ಟೇಟ್ ಕೋಶಗಳ ಜೊತೆ ಬೇರೆಬೇರೆಯಾಗಿ ಇಲಿಗಳಲ್ಲಿ ನೆಟ್ಟರು. ಆರೋಗ್ಯದ ಹಾಸಿನ ಜೊತೆ ಹಾಕಿದ ಕೋಶಗಳು ತೆಪ್ಪಗಿದ್ದವು. ಕ್ಯಾನ್ಸರಿನ ನೆರೆಯ ಹಾಸಿನ ಜೊತೆ ಹಾಕಿದವು ಗಡ್ಡೆಗಳಾದವು. ಬಿತ್ತನೆ ಒಂದೇ, ಬದಲಾದದ್ದು ಮಣ್ಣು ಮಾತ್ರ. ಪ್ಯಾಜೆಟ್‌ನ ಅಹವಾಲಿಗೆ 110 ವರ್ಷಗಳ ಮೇಲೆ ಪ್ರಾಸ್ಟೇಟಿನಲ್ಲೇ ಇಷ್ಟು ನೇರವಾದ ಉತ್ತರ ಸಿಕ್ಕಿತು.

ಇನ್ನು ಎಲುಬು. ಎಲುಬು ಕಲ್ಲಲ್ಲ. ಅದರೊಳಗೆ ಕಟ್ಟುವ ಕೋಶಗಳೂ ಕೆಡವುವ ಕೋಶಗಳೂ ಜೀವನಪೂರ್ತಿ ಕೆಲಸ ಮಾಡುತ್ತಿರುತ್ತವೆ. ಅನೇಕ ಕ್ಯಾನ್ಸರುಗಳು ಎಲುಬಿಗೆ ಹೋದಾಗ ಕೆಡವುವವರ ಕೈ ಮೇಲಾಗಿ ಎಲುಬು ಟೊಳ್ಳಾಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಬಹಳ ಸಲ ಇದಕ್ಕೆ ತಿರುಗುಮುರುಗು. ಕ್ಯಾನ್ಸರ್ ಕೋಶಗಳು ಕಟ್ಟುವವರನ್ನು ಹುರಿದುಂಬಿಸುತ್ತವೆ, ಅವರು ಒಸರುವ ರಸಗಳು ಕ್ಯಾನ್ಸರನ್ನು ಪೋಷಿಸುತ್ತವೆ. ಅಡ್ಡಾದಿಡ್ಡಿ ಕಟ್ಟಿದ ಆ ಎಲುಬು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ, ಬಲ ಮಾತ್ರ ಇರುವುದಿಲ್ಲ. ತಾತ ಚೌಳು ಅಂದುಕೊಂಡದ್ದು ಇದನ್ನೇ. ಅವನ ಕಣ್ಣು ಸುಳ್ಳು ಹೇಳಿರಲಿಲ್ಲ, ಅದು ಮಣ್ಣು ಕೆಟ್ಟ ಗುರುತೇ ಆಗಿತ್ತು.

ಮಣ್ಣಿಗೇ ಮದ್ದು ಕೊಡುವ ಪ್ರಯತ್ನಗಳಲ್ಲಿ ಫಲ ಕೊಟ್ಟದ್ದು ರೇಡಿಯಂ-223. ರಸಾಯನ ಗುಣದಲ್ಲಿ ರೇಡಿಯಂ ಕ್ಯಾಲ್ಸಿಯಮ್ಮಿನ ಬಂಧು. ಹಾಗಾಗಿ ಹೊಸ ಎಲುಬು ಕಟ್ಟುತ್ತಿರುವ ಕಡೆ ತಾನೇ ಹೋಗಿ ಸೇರುತ್ತದೆ. ಅದು ಸೂಸುವ ಆಲ್ಫಾ ಕಿರಣ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ದೂರ ಹೋಗುವುದರಿಂದ ನೆರೆಯ ಮಜ್ಜೆಗೆ ಹಾನಿ ಕಡಿಮೆ. 2013ರಲ್ಲಿ ಪ್ರಕಟವಾದ, 921 ರೋಗಿಗಳ ಪರೀಕ್ಷೆಯಲ್ಲಿ ಇದನ್ನು ಪಡೆದವರ ಮಧ್ಯಾಂಕ ಬದುಕು 14.9 ತಿಂಗಳು, ಪಡೆಯದವರದು 11.3 ತಿಂಗಳು. ಮೂರೂವರೆ ತಿಂಗಳು ಎಂದರೆ ಒಂದು ಬತ್ತದ ಬೆಳೆ. ಅಷ್ಟೇನಾ ಎನ್ನುವವರಿಗೆ ಅಷ್ಟೇ. ಮೊಮ್ಮಗನೊಬ್ಬ ಅದನ್ನು ಬೇರೆ ರೀತಿ ಎಣಿಸುತ್ತಾನೆ.

ಇಲ್ಲಿಗೆ ಕಥೆ ಸುಖಾಂತವಾಗಿ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹಾಸೇ ಕ್ಯಾನ್ಸರಿಗೆ ನೆರವಾಗುತ್ತದೆ ಎಂದಾದ ಮೇಲೆ ಹಾಸನ್ನೇ ಕಿತ್ತುಹಾಕೋಣ ಎಂಬ ಆತುರವೂ ಹುಟ್ಟಿತು. ನಾರು ದಟ್ಟವಾಗಿರುವ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಹಾಸನ್ನು ಕರಗಿಸುವ ಔಷಧವೊಂದನ್ನು ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಔಷಧ ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಟ್ಟದ್ದರಿಂದ 2012ರಲ್ಲಿ ಆ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. 2014ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ಹಾಸಿನ ಕೋಶಗಳನ್ನು ಕಡಿಮೆ ಮಾಡಿ ನೋಡಿದಾಗ ಕ್ಯಾನ್ಸರ್ ಇನ್ನೂ ಉಗ್ರವಾಯಿತು. ಆ ಹಾಸು ಗೊಬ್ಬರವೂ ಆಗಿತ್ತು, ಬೇಲಿಯೂ ಆಗಿತ್ತು.

ಪ್ರಾಸ್ಟೇಟಿನದೇ ಒಂದು ಎಚ್ಚರಿಕೆಯೂ ಇದೆ. 2012ರಲ್ಲಿ ಸಿಯಾಟಲ್‌ನ ಸಂಶೋಧಕರು ಕೀಮೋಥೆರಪಿಗೆ ಮುಂಚೆ ಮತ್ತು ಆಮೇಲೆ ರೋಗಿಗಳಿಂದ ತೆಗೆದ ಪ್ರಾಸ್ಟೇಟ್ ಅಂಗಾಂಶವನ್ನು ಹೋಲಿಸಿದರು. ಔಷಧದಿಂದ ಪೆಟ್ಟುತಿಂದ ಹಾಸಿನ ಫೈಬ್ರೋಬ್ಲಾಸ್ಟುಗಳು ಡಬ್ಲ್ಯುಎನ್‌ಟಿ16ಬಿ ಎಂಬ ಪ್ರೋಟೀನನ್ನು ಹೆಚ್ಚಾಗಿ ಒಸರುತ್ತಿದ್ದವು. ಅದು ಉಳಿದ ಕ್ಯಾನ್ಸರ್ ಕೋಶಗಳಿಗೆ ಮುಂದಿನ ಸುತ್ತಿನ ಔಷಧವನ್ನು ತಾಳಿಕೊಳ್ಳುವ ಬಲ ಕೊಡುತ್ತಿತ್ತು. ಇದರಿಂದ ಕೀಮೋ ಬೇಡ ಎಂದು ಅರ್ಥವಲ್ಲ. ಡೊಸೆಟಾಕ್ಸೆಲ್ ಈ ರೋಗದಲ್ಲಿ ಆಯುಸ್ಸು ಹೆಚ್ಚಿಸುತ್ತದೆಂದು 2004ರಲ್ಲೇ ಸಾಬೀತಾಗಿದೆ. ಬಿತ್ತನೆಗೆ ಗುರಿಯಿಟ್ಟ ಹೊಡೆತ ಮಣ್ಣಿಗೂ ಬೀಳುತ್ತದೆ, ಮಣ್ಣು ಅದಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಕೊಡುತ್ತದೆ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು, ಅಷ್ಟೆ.

ನಮ್ಮ ತಗ್ಗಿನ ಗದ್ದೆಯನ್ನು ತಾತ ಹೇಗೆ ಸರಿಮಾಡಿದ ಎಂದು ಆಮೇಲೊಮ್ಮೆ ಕೇಳಿದ್ದೆ. ಮೇಲ್ಮಣ್ಣು ಕಿತ್ತು ಬಿಸಾಡಲಿಲ್ಲ. ಮೊದಲು ಬಸಿಗಾಲುವೆ ತೋಡಿದ. ಜಿಪ್ಸಂ ಹಾಕಿ ನೀರು ಕಟ್ಟಿ ಉಪ್ಪನ್ನು ತೊಳೆದ. ಎರಡು ವರ್ಷ ಡಯಾಂಚ ಬೆಳೆದು ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದ. ಮಣ್ಣನ್ನು ಕೊಲ್ಲದೆ ಅದರ ನಡತೆ ಬದಲಿಸಿದ. ಹಾಸಿನ ಬಗ್ಗೆ ಕೆಲಸ ಮಾಡುವ ವಿಜ್ಞಾನಿಗಳೂ ಇವತ್ತು ಹಾಸನ್ನು ನಿರ್ನಾಮ ಮಾಡುವ ಮಾತು ಬಿಟ್ಟು, ಅದನ್ನು ಮತ್ತೆ ಶಾಂತಗೊಳಿಸುವ ದಾರಿ ಹುಡುಕುತ್ತಿದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಆ ಕೆಲಸ ಬಹುಪಾಲು ಪ್ರಯೋಗಾಲಯದಲ್ಲೇ ಇದೆ.

ಒಂದು ಮಾತನ್ನು ಹೇಳದೆ ಇದನ್ನು ಮುಗಿಸಲಾರೆ. ಮಣ್ಣು ಎಂಬ ಹೋಲಿಕೆ ಊರಿನ ಜಗಲಿಗೆ ಬಂದರೆ ಸುಲಭವಾಗಿ ದೂರಾಗಿಬಿಡುತ್ತದೆ. ತಾತನಿಗೆ ಕಾಯಿಲೆ ಬಂದಾಗಲೂ ಅವನು ಬೀಡಿ ಸೇದಿದ್ದಕ್ಕೆ, ಗದ್ದೆಗೆ ಔಷಧಿ ಹೊಡೆದಿದ್ದಕ್ಕೆ, ಯಾವುದೋ ಪಾಪಕ್ಕೆ ಎಂದು ಜನ ಕಾರಣ ಕೊಟ್ಟರು. ಪ್ಯಾಜೆಟ್ ಹೇಳಿದ ಮಣ್ಣು ರೋಗಿಯ ನಡತೆಯಲ್ಲ. ಅದು ಎಲುಬಿನ, ಯಕೃತ್ತಿನ, ಗ್ರಂಥಿಯ ಕೋಶಗಳ ಗುಣ. ಅದಕ್ಕಾಗಿ ರೋಗಿಯನ್ನು ಕಟಕಟೆಗೆ ಏರಿಸುವ ಹಕ್ಕು ಯಾರಿಗೂ ಇಲ್ಲ.

ತಪ್ಪು ಇದ್ದರೆ ಅದು ಬೇರೆ ಕಡೆ ಇತ್ತು. ವರದಿ ಕೈಗೆ ಬರುವ ಮುಂಚೆ ಎಂಟು ತಿಂಗಳು ತಾತ ರಾತ್ರಿ ನಾಲ್ಕೈದು ಸಲ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ವಯಸ್ಸಾಯಿತು ಎಂದೆವು. ಸೊಂಟ ನೋವು ಎಂದ. ಉಳುಕು ತೆಗೆಸಿದೆವು, ಒಂದು ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್ ಹಾಕಿಸಿದೆವು. ಪ್ರತಿ ಭಾನುವಾರ ಎಳ್ಳೆಣ್ಣೆ ಕಾಯಿಸಿ ಬೆನ್ನಿಗೆ ತಿಕ್ಕಿದವನು ಜೀವಶಾಸ್ತ್ರ ಓದುತ್ತಿದ್ದ ನಾನೇ. ರಾತ್ರಿ ಏಳುವುದು ಬಹಳಷ್ಟು ಮುದುಕರಲ್ಲಿ ಕ್ಯಾನ್ಸರಲ್ಲ, ಗ್ರಂಥಿ ಸುಮ್ಮನೆ ಹಿಗ್ಗಿರುವುದು. ಆದರೆ ವಯಸ್ಸಾದ ಗಂಡಸಿಗೆ ಅದರ ಜೊತೆ ಬಿಡದ ಬೆನ್ನುನೋವೂ ಸೇರಿದರೆ, ಪಿ.ಎಸ್.ಎ. ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಆ ಎಂಟು ತಿಂಗಳಲ್ಲಿ ನಾನು ಕಲಿಯಬೇಕಾಗಿದ್ದ ಪಾಠ ಅದೊಂದೇ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳ ಎಣಿಕೆ ಇಡುತ್ತಾ ಬಂದಿದೆ. ಅಲ್ಲಿನ ಗಂಡಸರ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ಇವತ್ತು ಪ್ರಾಸ್ಟೇಟ್ ಇದೆ. ಮಳವಳ್ಳಿ, ಮದ್ದೂರಿನ ಹಳ್ಳಿಗಳು ಆ ಎಣಿಕೆಯ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಕಡೆ ಇದು ಇನ್ನೂ ಸೊಂಟ ನೋವು.

ಆಪರೇಷನ್ ಆದ ಮೇಲೆ ತಾತ ಮೂರು ಮಳೆಗಾಲ ಕಂಡ. ಎರಡು ವರ್ಷ ಗದ್ದೆ ಬದುವಿನ ಮೇಲೆ ಓಡಾಡಿದ. ಮೂರನೆಯ ವರ್ಷ, ಹಾರ್ಮೋನು ಇಲ್ಲದೆಯೂ ಬದುಕುವುದನ್ನು ಕ್ಯಾನ್ಸರ್ ಕಲಿತುಕೊಂಡಿತು. ಕೊನೆಯ ದಿನಗಳಲ್ಲಿ ಸ್ಟ್ರೋಮಾ ಎಂದರೇನೆಂದು ಅವನಿಗೆ ಸರಿಯಾಗಿ ಹೇಳಿದೆ. ಹಾಸಿಗೆ ಅಂತ ಅರ್ಥ ತಾತ, ಕಾಯಿಲೆ ಮಲಗಿರೋ ಹಾಸಿಗೆ ಅಂದೆ. ನೀನು ಅವತ್ತು ಕೇಳಿದ್ದಕ್ಕೆ ಉತ್ತರ ಎರಡೂ ಅಂತ, ಬಿತ್ತನೆದೂ ಹೌದು, ಮಣ್ಣಿಂದೂ ಹೌದು ಅಂದೆ.

"ಅದ ಹೇಳಕ್ಕೆ ನಿಂಗೆ ಇಷ್ಟ್ ದಿನ ಬೇಕಾಯ್ತಾ?" ಅಂದು ತಾತ ಆ ಕಡೆ ಮಗ್ಗುಲಾದ.